ಚಿಕ್ಕಪ್ಪನ ಬೇಸಿಗೆಯ ಸ್ವೆಟರು

ಟ್ರಂಕಿನ ಮುಚ್ಚಳ ಎತ್ತಿದೊಡನೆ ನುಸಿಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ತಳದಲ್ಲಿ ಚಿಕ್ಕಪ್ಪನ ಕಂದು ಬಣ್ಣದ ಉಲ್ಲನ್ ಸ್ವೆಟರು. ಶೆಟ್ಟಿಹಳ್ಳಿಯ ಈ ಮನೆಯಲ್ಲಿ ಅದನ್ನು ಯಾರೂ ತೊಡುವುದಿಲ್ಲ, ಎಸೆಯಲು ನನಗೆ ಮನಸ್ಸಿಲ್ಲ. ಅಲ್ಲ, ಚಳಿಗೆಂದು ಹಾಕುವ ಈ ಅಂಗಿಗೆ ಇಂಗ್ಲಿಷಿನವರು ಬೆವರಿನ ಹೆಸರನ್ನು ಯಾಕಿಟ್ಟರು, ನೀವು ಯಾವತ್ತಾದರೂ ಯೋಚಿಸಿದ್ದೀರಾ? ನನಗದು ತಿಳಿದದ್ದು ಐವತ್ತರ ದಶಕದ ಕೊನೆಯಲ್ಲಿ, ಕುಣಿಗಲ್ಲಿನ ನಮ್ಮ ಹೆಂಚಿನ ಮನೆಯ ಜಗಲಿಯಲ್ಲಿ.

ಚಿಕ್ಕಪ್ಪನಿಗೆ ಕುದುರೆ ಹುಚ್ಚು. ಊರಿನ ಕುದುರೆ ಫಾರಂನಲ್ಲಿ ಎಳೆಯ ಕುದುರೆಗಳನ್ನು ಸವಾರಿಗೆ ಪಳಗಿಸುವ ಕೆಲಸ ಸಿಕ್ಕರೆ ಸಾಕು, ಜನ್ಮಕ್ಕೆ ಇನ್ನೇನೂ ಬೇಡ ಎನ್ನುತ್ತಿದ್ದ. ಅಲ್ಲಿನ ಮೇಸ್ತ್ರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕೈ ಚೆನ್ನಾಗೈತೆ, ಮೈ ಭಾರ. ಇಳಿಸ್ಕೊಂಡು ಯುಗಾದಿ ಕಳೆದ್ಮೇಲೆ ಬಾ, ತೂಗಿ ನೋಡ್ತೀನಿ" ಎಂದಿದ್ದರಂತೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ ನಮ್ಮಪ್ಪನಿಗೋ ಪದಗಳ ಹುಚ್ಚು. ತಮ್ಮನ ಮುಖ ಬಾಡಿದ್ದು ಕಂಡು, ಗೂಟದಲ್ಲಿದ್ದ ತಮ್ಮದೇ ಈ ಕಂದು ಸ್ವೆಟರನ್ನು ತೋರಿಸಿ ನಕ್ಕರು. "ಸ್ವೆಟ್ ಅಂದ್ರೆ ಬೆವರು ಕಣೋ. ಇದು ಮೊದ್ಲು ಚಳಿಗೆ ಹುಟ್ಟಿದ್ದಲ್ಲ. ಇಂಗ್ಲೆಂಡಲ್ಲಿ ರೇಸು ಕುದುರೆಗೆ ದಪ್ಪ ಬಟ್ಟೆ ಹೊದಿಸಿ ಓಡ್ಸಿ ಬೊಜ್ಜು ಕರಗಿಸೋರು. ಮೈ ಇಳಿಸ್ಬೇಕಾದ ಮನುಷ್ಯರೂ ಹಂಗೇ ಹಾಕ್ಕೊಂಡು ಓಡೋರು. ಅದ್ಕೇ ಆ ಹೆಸರು." ಅಬ್ಬಾ, ಒಂದು ಅಂಗಿಯ ಹೆಸರಿನೊಳಗೆ ಕುದುರೆ ಓಡುತ್ತಿದೆಯಲ್ಲ ಎಂದು ನಾನು ಬೆರಗಾದೆ. ಹಾಗಾದರೆ ಕೋಟಿನಲ್ಲಿ ಏನಿದೆ, ಶರಟಿನಲ್ಲಿ ಏನಿದೆ ಎಂದು ಅಪ್ಪನ ಪ್ರಾಣ ತಿಂದೆ. ಚಿಕ್ಕಪ್ಪ ಮಾತ್ರ ಸ್ವೆಟರು ಎತ್ತಿಕೊಂಡು ಹೋದ.

ಮಾರನೆಯ ಮಧ್ಯಾಹ್ನವೇ ಉರಿಬಿಸಿಲಲ್ಲಿ ಅದನ್ನು ತೊಟ್ಟು ಕೆರೆ ಏರಿಯ ಮೇಲೆ ಓಡತೊಡಗಿದ. ದನ ಮೇಯಿಸುವವರು "ಏನ್ಲಾ, ಚಳಿಜ್ವರವೇನ್ಲಾ?" ಎಂದು ಗೇಲಿ ಮಾಡಿದರು. ಅಜ್ಜಿಗೆ ಹೇಳಕೂಡದೆಂದು ನಮಗೆಲ್ಲ ತಾಕೀತಾಗಿತ್ತು. ಕುದುರೆ ಸವಾರಿಯೆಂದರೆ ಅವಳು ಎದೆ ಬಡಿದುಕೊಳ್ಳುತ್ತಿದ್ದಳು. ಮಗನ ಕೆನ್ನೆ ಇಳಿದದ್ದನ್ನು ಕಂಡ ಅಜ್ಜಿ ಮೊದಲು ದೃಷ್ಟಿ ತೆಗೆದಳು. ಆಮೇಲೆ ಅವನ ಮುದ್ದೆ ದೊಡ್ಡದಾಯಿತು, ಸಾರಿನ ಮೇಲೆ ತುಪ್ಪ ತೇಲಿತು. ನಮ್ಮಲ್ಲಿ ಗಂಡುಮಕ್ಕಳು ಉಂಡೆದ್ದ ಮೇಲೇ ಅಜ್ಜಿ ತಟ್ಟೆಗೆ ಹಾಕಿಕೊಳ್ಳುವುದು. ಚಿಕ್ಕಪ್ಪ ಬೇಡವೆಂದು ಅರ್ಧಕ್ಕೇ ಕೈ ತೊಳೆದ ದಿನ ಅವಳು ಬರೀ ನೀರು ಕುಡಿದು ಮಲಗಿಬಿಟ್ಟಳು. ಅಂದಿನಿಂದ ಅವನು ಬಡಿಸಿದ್ದನ್ನೆಲ್ಲ ತಲೆ ತಗ್ಗಿಸಿ ಉಂಡ. ನಾನಾದರೂ ಯಾರ ಪರ ಮಾತಾಡುವುದು?

ಯುಗಾದಿ ಕಳೆಯಿತು. ಫಾರಂನಲ್ಲಿ ತೂಗಿದರೆ ಮೈ ಇದ್ದಷ್ಟೇ ಇತ್ತು. ಮೇಸ್ತ್ರಿ ಆಗುವುದಿಲ್ಲವೆಂದು ಕಳಿಸಿದರು. ಹಿತ್ತಿಲಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ ಚಿಕ್ಕಪ್ಪನನ್ನು ನೋಡಲಾರದೆ ಅಪ್ಪ ಅಜ್ಜಿಗೆ ಎಲ್ಲವನ್ನೂ ಹೇಳಿಬಿಟ್ಟರು. ಅಜ್ಜಿ ಓಡಿಹೋಗಿ ಅವನ ತಲೆ ಹಿಡಿದುಕೊಂಡಳು.

"ಅಯ್ಯೋ ನನ್ ಕಂದ, ಬೇಡ ಅಂದಿದ್ರೆ ಬಡಿಸ್ತಿದ್ನೇನ್ಲಾ?"

"ಒಂದಿನ ಅಂದಿದ್ದೆ ಕಣವ್ವ. ಅವತ್ತು ನೀನು ಉಣ್ಲಿಲ್ಲ."

ಚಿಕ್ಕಪ್ಪ ಮುಂದೆ ಅಮೃತೂರಿನ ಬಸ್ಸಿನಲ್ಲಿ ಕಂಡಕ್ಟರಾದ, ಕುದುರೆಯ ಮಾತೆತ್ತಲಿಲ್ಲ. ಈಗ ಅವನೂ ಇಲ್ಲ, ಅಜ್ಜಿಯೂ ಇಲ್ಲ, ಆ ಮನೆಯೂ ಇಲ್ಲ. ಆದರೆ ಅವನು ಹಿತ್ತಿಲಲ್ಲಿ ಅತ್ತ ಅಂದು ಸಂಜೆ ಅಜ್ಜಿ ಎಲ್ಲರಿಗಿಂತ ಮೊದಲು ತನಗೇ ಬಡಿಸಿಕೊಂಡು, ಅವನನ್ನು ಎದುರಿಗೆ ಕೂರಿಸಿಕೊಂಡು, ಮುದ್ದೆಯನ್ನು ಕಣ್ಣೊರೆಸಿಕೊಳ್ಳುತ್ತ ನುಂಗಿದಳು. ಮಗನಿಗಿಂತ ಮೊದಲು ಅವಳು ಉಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ.