ಶ್ರೀಕಾರ ಹಾಕಿದ ಥೀಮು

ನನಗೆ ಡಿಗ್ರಿ ಆಗುವ ಮಾತೇ ಅಲ್ಲ ಎಂದು ಮೊದಲು ಹೇಳಿದವರು ನನ್ನ ಸೋದರಮಾವ ಚನ್ನಬಸಪ್ಪ. ದಾಸನಕೊಪ್ಪದಲ್ಲಿ ಅವರದೊಂದು ಬೀಜ-ಗೊಬ್ಬರದ ಅಂಗಡಿ. ಭವಿಷ್ಯ ಹೇಳುವುದರಲ್ಲಿ ಬಲು ಧಾರಾಳಿ. ಈ ವಾರ ಮಳೆ ಇಲ್ಲ ಎಂದು ಅವರು ಹೇಳಿದರೆ ನಾವು ಕೊಡೆ ಹಿಡಿದೇ ಹೊರಡುತ್ತಿದ್ದೆವು. ಆದರೆ ನನ್ನ ವಿಷಯದಲ್ಲಿ ಅವರು ಹೇಳಿದ್ದು ಮಾತ್ರ ಮನೆಯವರಿಗೆಲ್ಲ ನಿಜವೆನಿಸಿತ್ತು. ಸುಳ್ಳೇಕೆ, ನನಗೂ ಅನಿಸಿತ್ತು.

"ನಮ್ಮ ಪೈಕಿ ಹತ್ತನೇತ್ತ ದಾಟಿದಾವ್ರ ಇಲ್ಲವಾ. ನೀ ನೋಡಿದ್ರ ಸೀದಾ ಬಿಸಿಎ ಅಂತಿ. ಸೈಕಲ್ ಕಲೀದ ವಿಮಾನ ಹತ್ತಿದಂಗಾತು ಇದು!"

ಈ ಮಾತು ನೆನಪಾಗಲು ಕಾರಣ ಇವತ್ತು ಬೆಳಿಗ್ಗೆ ಟ್ರಂಕಿನಲ್ಲಿ ಸಿಕ್ಕ ಒಂದು ಡಬ್ಬಿ. ಪದವಿಯ ಸರ್ಟಿಫಿಕೇಟ್ ಕೊನೆಗೂ ಕಾಲೇಜಿಗೆ ಬಂದಿದೆ, ಹಳೆಯ ರಸೀದಿ ಹಿಡಿದುಕೊಂಡು ಬನ್ನಿ ಎಂದು ಶಿರಸಿಯಿಂದ ಫೋನ್ ಬಂದಿತ್ತು. ರಸೀದಿ ಹುಡುಕುತ್ತಿದ್ದೆ. ನಮ್ಮ ಮನೆಯಲ್ಲಿ ಏನು ಹುಡುಕಿದರೂ ಮೊದಲು ಸಿಗುವುದು ಬೇರೆಯದೇ. ಹಳೆಯ ನೋಟ್ಸಿನ ನಡುವಿನಿಂದ ಅಂಗೈಗಿಂತ ಸ್ವಲ್ಪ ಉದ್ದದ, ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ, ಮಾವನ ಬಾಯಲ್ಲಿ ಡಬ್ಬಿ, ಹೊರಬಂತು. ಚಾರ್ಜಿಗೆ ಹಾಕಿದೆ. ಹತ್ತು ನಿಮಿಷ ಮುನಿಸಿಕೊಂಡಂತೆ ಕೂತಿದ್ದು ಆಮೇಲೆ ಕಣ್ಣು ಬಿಟ್ಟಿತು. ಪರದೆಯ ತುಂಬ ನಮ್ಮ ಅನಾನಸ್ ಹೊಲ. ಅದರ ಮೇಲೆ ಸಾಲಾಗಿ ನಾನೇ ಬರೆದ ಚಿತ್ರಗಳು: ಹಾಡು ಕೇಳುವಲ್ಲಿ ಡೊಳ್ಳು, ಫೋಟೋ ನೋಡುವಲ್ಲಿ ಕನ್ನಡಿ, ಸೆಟ್ಟಿಂಗ್ ಇರುವಲ್ಲಿ ಬೀಸುವ ಕಲ್ಲು. ಒಬ್ಬಳೇ ಕೂತು ನಕ್ಕೆ.

ಇದಕ್ಕೆ ಥೀಮು ಅನ್ನುತ್ತಾರೆ. ಯಂತ್ರದ ಉಡುಪು ಎಂದುಕೊಳ್ಳಿ. ಹಿನ್ನೆಲೆಯ ಚಿತ್ರ, ಗುಂಡಿಗಳ ಚಿತ್ರ, ಅಕ್ಷರದ ಬಣ್ಣ ಎಲ್ಲವನ್ನೂ ಒಂದೇ ಕಡತವಾಗಿ ಕಟ್ಟಿ ಯಂತ್ರದೊಳಗೆ ಹಾಕಿದರೆ ಅದು ಹೊಸ ಬಟ್ಟೆ ಉಟ್ಟು ನಿಲ್ಲುತ್ತದೆ. ಯಾರೋ ಮಾಡಿದ ಥೀಮನ್ನು ಬಿಚ್ಚಿ, ನಮ್ಮ ಚಿತ್ರಗಳನ್ನಿಟ್ಟು, ಮತ್ತೆ ಕಟ್ಟಿಕೊಡುವ ಒಂದು ಸಣ್ಣ ಪ್ರೋಗ್ರಾಮ್ ಬರೆಯುವುದು ಬಿಸಿಎ ಕೊನೆಯ ವರ್ಷದಲ್ಲಿ ನಾನು ಆರಿಸಿಕೊಂಡ ಪ್ರಾಜೆಕ್ಟ್. ಗೆಳತಿಯೊಬ್ಬಳು ಅವಳ ಅಣ್ಣನ ಹಳೆಯ ಯಂತ್ರ ಕೊಟ್ಟಿದ್ದಳು. ಉಳಿದವರು ಗ್ರಂಥಾಲಯ, ಆಸ್ಪತ್ರೆ, ಹಾಜರಿ ಎಂದು ದೊಡ್ಡ ದೊಡ್ಡದನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಾಗ ನಾನು ಡಬ್ಬಿಗೆ ಅಂಗಿ ಹೊಲಿಯುತ್ತಿದ್ದೆ. ಸುಲಭ ಅಂದುಕೊಂಡಿದ್ದೆ, ಅದೇ ಕಾರಣಕ್ಕೆ ಆರಿಸಿದ್ದೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಮೊದಲ ಸಲ ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಯಂತ್ರವನ್ನಿಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ಕಾದರು. ನಾನೂ ಕಾದೆ. ಪರದೆಯ ಮೇಲೆ ಬಂದದ್ದು ಕಾರ್ಖಾನೆಯಿಂದಲೇ ಬಂದ ಅದೇ ಹಳೆಯ ನೀಲಿ. ಇನ್ನೊಮ್ಮೆ ಹಾಕಿದೆ, ನೀಲಿ. ಏನು ತಪ್ಪಾಗಿದೆಯೆಂದು ಹೇಳುವ ಸೌಜನ್ಯವೂ ಆ ಯಂತ್ರಕ್ಕಿಲ್ಲ. ಕೊಟ್ಟ ಕಡತ ಹಿಡಿಸದಿದ್ದರೆ ಸದ್ದಿಲ್ಲದೆ ತನ್ನ ಹಳೆಯ ಬಟ್ಟೆಗೆ ಮರಳುತ್ತದೆ. ನಮ್ಮ ಮಾವ ಎಷ್ಟೋ ವಾಸಿ, ಕಾರಣ ಹೇಳಿಯೇ ಬೈಯುತ್ತಾರೆ. ಪರೀಕ್ಷಕರು "ಮುಂದಿನ ವರ್ಷ ನೋಡೋಣಮ್ಮಾ" ಎಂದರು.

ಉಳಿದ ವಿಷಯಗಳೆಲ್ಲ ಪಾಸು, ಇದೊಂದು ಬಾಕಿ. ಪಾಸಾಗಿ ಬಾ, ಇಲ್ಲಿಯೇ ಕಲಿಸುವೆಯಂತೆ ಎಂದು ಶಿರಸಿಯ ತರಬೇತಿ ಕೇಂದ್ರವೊಂದರವರು ಹೇಳಿದ್ದರು. ಎರಡನೆಯ ಸಲವೂ ನೀಲಿ ಬಂದರೆ ಆ ಕೆಲಸವೂ ಇಲ್ಲ, ಮೂರನೆಯ ಸಲ ಓದುತ್ತೇನೆ ಎಂದು ಮನೆಯಲ್ಲಿ ಕೇಳುವ ಮುಖವೂ ಇಲ್ಲ. ಆ ವರ್ಷ ದಾಸನಕೊಪ್ಪಕ್ಕೆ ಹೋದಾಗಲೆಲ್ಲ ಮಾವ ಗಿರಾಕಿಗಳ ಎದುರೇ ವಿಚಾರಿಸುತ್ತಿದ್ದರು.

"ಏನಂತೈತವಾ ನಿನ್ನ ಡಬ್ಬಿ?"

"ನೀಲಿ ಅಂತೈತಿ ಮಾವಾ."

"ಇನ್ನೂ ನೀಲಿನೇ? ಭಾಳ ಹಟಮಾರಿ ಐತಿ ಬಿಡು, ನಿನ್ನಂಗ."

ತಪ್ಪು ಹುಡುಕುತ್ತ ಹೋದೆ. ಮೊದಲನೆಯದು ಬೇಗ ಸಿಕ್ಕಿತು. ಚಿತ್ರಗಳನ್ನೆಲ್ಲ ಒಂದು ಫೋಲ್ಡರಿನಲ್ಲಿಟ್ಟು ಆ ಫೋಲ್ಡರನ್ನೇ ಕಟ್ಟಿಬಿಟ್ಟಿದ್ದೆ. ಯಂತ್ರ ಗಂಟು ಬಿಚ್ಚಿದರೆ ಒಳಗೆ ಇನ್ನೊಂದು ಗಂಟು. ಇದು ನಮ್ಮ ಮನೆಯ ರೂಢಿ ನೋಡಿ: ರೊಟ್ಟಿಗೆ ಬಟ್ಟೆ ಸುತ್ತಿ, ಬಟ್ಟೆಯನ್ನು ಪ್ಲಾಸ್ಟಿಕ್ ಕೊಟ್ಟೆಗೆ ಹಾಕಿ, ಕೊಟ್ಟೆಯನ್ನು ಚೀಲಕ್ಕಿಟ್ಟು, ಮೇಲೆ ಇನ್ನೊಂದು ಚೀಲ. ಬಸ್ಸಿನಲ್ಲಿ ಹಸಿವಾದವರು ರೊಟ್ಟಿ ಮುಟ್ಟುವ ಹೊತ್ತಿಗೆ ಶಿರಸಿ ಬಂದಿರುತ್ತದೆ. ಯಂತ್ರಕ್ಕೆ ಅಷ್ಟು ತಾಳ್ಮೆ ಇರಲಿಲ್ಲ. ಎರಡನೆಯದು, ಹೊಲದ ಫೋಟೋ ಪರದೆಯ ಅಳತೆಗಿಂತ ನಾಲ್ಕು ಪಟ್ಟು ದೊಡ್ಡದಿತ್ತು. ಮೂರನೆಯದು, ಒಂದು ಚಿತ್ರದ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದಿದ್ದೆ, ಯಂತ್ರ ಸಣ್ಣಕ್ಷರದಲ್ಲಿ ಹುಡುಕುತ್ತಿತ್ತು. ಮೂರನ್ನೂ ತಿದ್ದಿದೆ. ಈಗಲೂ ನೀಲಿ.

ಪರೀಕ್ಷೆಗೆ ಎರಡು ವಾರ ಇರುವಾಗ ಕಾಲೇಜಿನ ಲ್ಯಾಬಿನಲ್ಲಿ ಅಳುತ್ತ ಕೂತೆ. ನಮಗೆ ಕಲಿಸುತ್ತಿದ್ದ ಸುಮಿತ್ರಾ ಮೇಡಂ ಸಿದ್ದಾಪುರದ ಕಡೆಯವರು. ಪಾಠವೆಲ್ಲ ಪುಸ್ತಕದ ಕನ್ನಡದಲ್ಲಿ, ಕನಿಕರ ಬಂದಾಗ ಮಾತ್ರ ಮನೆಯ ಭಾಷೆ.

"ಎಂತಕ್ಕೆ ಅಳ್ತೆ ಮಾರಾಯ್ತಿ? ನೀ ಅತ್ತರೆ ಯಂತ್ರಕ್ಕೆಂತ ಕರುಣೆ ಬತ್ತಿಲ್ಲೆ."

ಹೀಗೆಂದು ಅವರು ಸರಿಯಾಗಿ ನಡೆಯುವ ಇನ್ನೊಂದು ಥೀಮು ಕೊಟ್ಟರು. "ಇದನ್ನು ಪಕ್ಕದಲ್ಲಿಟ್ಟುಕೋ. ನಿನ್ನದಕ್ಕೂ ಇದಕ್ಕೂ ಎಲ್ಲೆಲ್ಲಿ ವ್ಯತ್ಯಾಸ ಇದೆ, ಒಂದೊಂದೇ ಸಾಲು ನೋಡು" ಎಂದರು.

ಮನೆಗೆ ತಂದು ಪಡಸಾಲೆಯಲ್ಲಿ ಕೂತು ಮಧ್ಯಾಹ್ನವಿಡೀ ನೋಡಿದೆ. ಯಾವ ಚಿತ್ರ ಎಲ್ಲಿ ಕೂರಬೇಕೆಂದು ಯಂತ್ರಕ್ಕೆ ಹೇಳುವ ಒಂದು ಪಟ್ಟಿಯ ಕಡತ ಇರುತ್ತದೆ. ಎರಡು ಪಟ್ಟಿಗಳೂ ಒಂದೇ ಥರ ಇದ್ದವು. ವ್ಯತ್ಯಾಸ ಇದ್ದದ್ದು ಒಂದೇ ಕಡೆ, ಎಲ್ಲಕ್ಕಿಂತ ಮೇಲೆ. ಅಲ್ಲಿ ನಾನು "ಶ್ರೀ" ಎಂದು ಬರೆದಿದ್ದೆ.

ನಗಬೇಡಿ. ನಮ್ಮಲ್ಲಿ ಶ್ರೀಕಾರ ಹಾಕದೆ ಒಂದು ಚೀಟಿಯನ್ನೂ ಬರೆಯುವುದಿಲ್ಲ. ಮದುವೆಯ ಸಾಮಾನಿನ ಪಟ್ಟಿಗೂ ಶ್ರೀ, ಟ್ರ್ಯಾಕ್ಟರಿನವನಿಗೆ ಕಳಿಸುವ ಚೀಟಿಗೂ ಶ್ರೀ. ಇದನ್ನು ನನಗೆ ಕಲಿಸಿದವಳು ಆಯಿ, ಅಂದರೆ ನನ್ನಪ್ಪನ ತಾಯಿ. ಅವಳಿಗೆ ಗೊತ್ತಿದ್ದ ಅಕ್ಷರ ಅದೊಂದೇ. ಅದನ್ನೂ ಬರೆಯಲು ಬಾರದು, ಕಂಡರೆ ಗುರುತು ಹಿಡಿಯುತ್ತಿದ್ದಳು. ನಾನು ಒಂದನೆಯ ತರಗತಿಯಲ್ಲಿದ್ದಾಗಿನಿಂದ ನನ್ನ ಪಾಟಿ, ಪುಸ್ತಕ ಎಲ್ಲದರ ನೆತ್ತಿಯನ್ನು ಅವಳು ಮುಟ್ಟಿ ನೋಡಿಯೇ ಬಿಡುತ್ತಿದ್ದಳು. ಪ್ರೋಗ್ರಾಮಿನಲ್ಲೂ ನಾನು ಬಿಡಲಿಲ್ಲ. ಅಲ್ಲಿ ಓದುಗರಿಗೆಂದು ಟಿಪ್ಪಣಿ ಬರೆಯಲು ಒಂದು ಗುರುತು ಇರುತ್ತದೆ, ಅದರೊಳಗೆ ಏನು ಬರೆದರೂ ಯಂತ್ರ ಓದದೆ ದಾಟಿಹೋಗುತ್ತದೆ. ಮೂರು ವರ್ಷ ಹಾಗೆಯೇ ದಾಟಿತ್ತು. ಆದರೆ ಈ ಜಾತಿಯ ಪಟ್ಟಿಗೆ ಬೇರೆ ನಿಯಮ. ತಾನು ಎಂಥ ಕಡತ ಎಂದು ಹೇಳಿಕೊಳ್ಳುವ ಸಾಲೇ ಎಲ್ಲಕ್ಕಿಂತ ಮೊದಲು ಬರಬೇಕು. ಅದರ ಮೇಲೆ ಟಿಪ್ಪಣಿಯೂ ಇರಕೂಡದು.

ತಪ್ಪು ಸಿಕ್ಕಿದ್ದಕ್ಕೆ ಕುಣಿಯಬೇಕಿತ್ತು. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಕೂತೆ. ಒಂದನೆಯ ತರಗತಿಯಿಂದ ಇಲ್ಲಿಯವರೆಗೆ ಶ್ರೀ ಇಲ್ಲದೆ ಒಂದು ಪರೀಕ್ಷೆಯನ್ನೂ ಬರೆದವಳಲ್ಲ. ಓದಿದವಳು, ಪದವಿಯ ಹೊಸ್ತಿಲಲ್ಲಿ ಇರುವವಳು, ಒಂದಕ್ಷರ ಅಳಿಸಲು ಹೆದರಿದೆ. ಹೋಗಲಿ, ಧೈರ್ಯವಾದರೂ ಬರಲಿ ಎಂದು ಆಯಿಯನ್ನು ಕೇಳಿದೆ. ಅವಳು ಕಂಬಕ್ಕೆ ಒರಗಿ ಅವರೆಕಾಯಿ ಸುಲಿಯುತ್ತಿದ್ದಳು.

"ಆಯೀ, ಶ್ರೀಕಾರ ಹಾಕಿದ್ರ ಈ ಯಂತ್ರ ನಡಿಯಂಗಿಲ್ಲ."

"ಯಾಕ, ಅದೇನ್ ದೆವ್ವೇನ?"

"ಅದರ ಹೆಸರಿನ ಸಾಲೇ ಮೊದಲು ಬರಬೇಕಂತ. ಶ್ರೀ ಮ್ಯಾಲ ಕುಂತ್ರ ಮುಂದಿಂದು ಓದಂಗಿಲ್ಲ."

ಆಯಿ ನಾಲ್ಕು ಕಾಯಿ ಸುಲಿದಳು. "ಮ್ಯಾಲ ಯಾಕ ಕುಂದ್ರಸ್ತಿ? ದೇವರನ್ನ ಬಾಗಲದಾಗ ನಿಂದ್ರಿಸಿದ್ರ ಮಂದಿ ಹೆಂಗ ಒಳಗ ಬರಬೇಕು? ಬಾಗಲಾ ದಾಟಿಸಿ ಒಳಗ ಕುಂದ್ರಸು" ಎಂದಳು. ಆಮೇಲೆ ನನ್ನ ಮುಖ ನೋಡಿ, "ಇಷ್ಟಕ್ಕಽ ಒಂದು ವರ್ಷ ತಗೊಂಡ್ಯಾ?" ಎಂದಳು.

ಶ್ರೀಯನ್ನು ಎರಡನೆಯ ಸಾಲಿಗೆ ಇಳಿಸಿದೆ. ಮತ್ತೆ ಕಟ್ಟಿದೆ, ಯಂತ್ರಕ್ಕೆ ಹಾಕಿದೆ. ಅನಾನಸ್ ಹೊಲ ಬಂತು, ಡೊಳ್ಳು ಬಂತು, ಕನ್ನಡಿ ಬಂತು, ಬೀಸುವ ಕಲ್ಲೂ ಬಂತು. ಆಯಿಗೆ ತೋರಿಸಿದರೆ ಹಿಗ್ಗಲಿಲ್ಲ. ಕಲ್ಲಿಗೆ ಹಿಡಿಕೆ ಯಾವ ಕಡೆ ಬರಬೇಕೆಂದು ತಿದ್ದಿದಳು.

ಎರಡನೆಯ ಸಲ ಅದೇ ಪರೀಕ್ಷಕರು ಬಂದಿದ್ದರು. ಹೊಲ ನೋಡಿದರು. ಕಡತ ತೆರೆಸಿ ಎರಡನೆಯ ಸಾಲಿಗೆ ಬೆರಳಿಟ್ಟು, "ಇದೇನಮ್ಮಾ?" ಎಂದರು. "ಸರ್, ಅದು ಯಂತ್ರಕ್ಕಲ್ಲ, ನನಗೆ" ಎಂದೆ. ಅಲ್ಲಿಯವರೆಗೆ ಗಟ್ಟಿಮುಖ ಮಾಡಿಕೊಂಡಿದ್ದ ಮನುಷ್ಯ ನಕ್ಕು, "ನಾನೂ ಉತ್ತರಪತ್ರಿಕೆಗೆ ಹಾಕ್ತಿದ್ದೆ" ಎಂದರು. ಫಲಿತಾಂಶ ಬಂದ ದಿನ ಮಾವ ಅಂಗಡಿಯಲ್ಲಿ ಪೇಡೆ ಹಂಚಿ, ಇವಳು ಪಾಸಾಗ್ತಾಳೆಂದು ಮೊದಲು ಹೇಳಿದವ ನಾನೇ ಎಂದು ಗಿರಾಕಿಗಳಿಗೆ ತಿಳಿಸಿದರಂತೆ. ಈಗ ನಾನು ತರಬೇತಿ ಕೇಂದ್ರದಲ್ಲಿ ಕಲಿಸುತ್ತೇನೆ. ಯಂತ್ರ ಸುಮ್ಮನಿದ್ದಾಗ ಮಕ್ಕಳು ಅಳುವ ಮೊದಲು ಮೇಲಿನ ಸಾಲಿನಿಂದ ಓದಿಸುತ್ತೇನೆ.

ರಸೀದಿ ಕೊನೆಗೆ ಸಿಕ್ಕಿತು. ಮಧ್ಯಾಹ್ನ ಶಿರಸಿಗೆ ಹೋಗಿ ಸಹಿ ಹಾಕಿ ಸರ್ಟಿಫಿಕೇಟ್ ಪಡೆದೆ. ಬಸ್ಸಿನಲ್ಲಿ ಅದನ್ನು ಮಡಚದಂತೆ ತೊಡೆಯ ಮೇಲಿಟ್ಟುಕೊಂಡು, ಅದರಲ್ಲಿದ್ದ ನನ್ನ ಹೆಸರನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಬರೀ ನನ್ನ ಹೆಸರನ್ನೇ. ಮನೆಗೆ ಬಂದು ಆಯಿಯ ಕೈಗೆ ಕೊಟ್ಟೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಹಿಡಿದಳು.

"ಇದರಾಗ ನೀ ಎಲ್ಲಿ ಅದಿ?"

ಬೆರಳಿಟ್ಟು ತೋರಿಸಿದೆ.

"ಅದರ ಕೆಳಗ ಸಣ್ಣದಾಗಿ ಇರೂದು ಯಾರು?"

"ಅಪ್ಪ. ಇಂಥವರ ಮಗಳು ಅಂತ ಬರ್ದಾರ."

ಅಪ್ಪ ಆಗಷ್ಟೇ ಹೊಲದಿಂದ ಬಂದು ಬಚ್ಚಲ ಕಟ್ಟೆಯಲ್ಲಿ ಕಾಲು ತೊಳೆಯುತ್ತಿದ್ದ. ಆಯಿ ಆ ಸಾಲಿನ ಮೇಲೆ ಒಂದು ಸಲ ಬೆರಳಾಡಿಸಿ, ಅತ್ತ ತಿರುಗಿ ಕೂಗಿದಳು.

"ಈರಣ್ಣಾ, ಏ ಈರಣ್ಣಾ! ಏಳನೇತ್ತದಾಗ ಎರಡು ಸಲ ಡುಮ್ಕಿ ಹೊಡ್ದು ಸಾಲಿ ಬಿಟ್ಟೆಲ್ಲ, ಬಾ ಇಲ್ಲೆ. ನಿನ್ನ ಹೆಸರೂ ಬಂದೈತಿ. ಕೈ ಒರಸ್ಕೊಂಡು ಹಿಡಿ."