ನೆಲದ ತನಕ ಅಳೆಯುವ ಶೇಖಸಾಬ

ಗದಗ-ಬೆಟಗೇರಿಯ ಮಗ್ಗಗಳಿನ್ನೂ ಸದ್ದು ಹಿಡಿದಿಲ್ಲ. ಬೆಳಗಿನ ಮಬ್ಬಿನಲ್ಲಿ ಸೈಕಲ್ ರಿಪೇರಿಯ ಶೇಖಸಾಬ ಒಬ್ಬ ಗಿಡ್ಡ ಮನುಷ್ಯನನ್ನು ಅಂಗಡಿಯ ಗೋಡೆಗೆ ಆನಿಸಿ ನಿಲ್ಲಿಸಿದ್ದಾರೆ. ಕೈಯಲ್ಲಿ ಸೀರೆಯ ಅಂಚಿನ ಹಳೆಯ ಪಟ್ಟಿ. ಅದನ್ನು ತೊಡೆಸಂದಿಯಿಂದ ಹಿಮ್ಮಡಿಯವರೆಗೆ ಇಳಿಬಿಟ್ಟು, ಅಳತೆಗೆ ಒಂದು ಗಂಟು ಹಾಕಬೇಕು.

"ಚಪ್ಲಿ ಬಿಡ್ರಿ ಪುಂಡಲೀಕಪ್ಪ. ಚಪ್ಲಿ ಸವೀತಾವ, ಕಾಲು ಅಷ್ಟ ಉಳೀತಾವ."

ಶಿರಹಟ್ಟಿ ಕಡೆಯ ಹಳ್ಳಿಗಳಿಗೆ ಟಪಾಲು ಮುಟ್ಟಿಸುವ ಪುಂಡಲೀಕಪ್ಪ ಸೀಟು ಎಟುಕದೆ, ಚೌಕಟ್ಟಿನ ನಡುವೆ ಕಾಲು ತೂರಿಸಿ ಹದಿನೈದು ವರ್ಷ ಒಳಪೆಡಲಿನಲ್ಲೇ ತುಳಿದವರು. "ಸೈಕಲ್ಲಿಗೆ ಪೋಸ್ಟಮನ್ ಜೋತು ಬಿದ್ದಾನ ಅಂತ ನಗ್ತಾರ್ರಿ," ಎನ್ನುತ್ತಾರೆ. "ತಮ್ಮ ಮಗನ ಕಾಗದ ಬಂದ ದಿನ ಮಾತ್ರ ಯಾರೂ ನಗಂಗಿಲ್ಲ."

ಅಜ್ಜಿಯರು ಹೇಳುವ ಕಥೆಗಳಲ್ಲಿ ಕುದುರೆ ಸವಾರನ ಎತ್ತರ ನೋಡಿ ತಾನೇ ಮಂಡಿಯೂರುತ್ತದೆ. ಸೈಕಲ್ಲಿಗೆ ಆ ಕರುಣೆಯಿಲ್ಲ. ಗದಗಿನ ಅಂಗಡಿಗಳಿಗೆ ಬರುವುದೆಲ್ಲ ಇಪ್ಪತ್ತೆರಡು, ಇಪ್ಪತ್ನಾಲ್ಕು ಇಂಚಿನ ಚೌಕಟ್ಟುಗಳು. ದಿನವೆಲ್ಲ ಊರೂರು ಸುತ್ತುವ ಕುಳ್ಳರಿಗಾಗಿ ಶೇಖಸಾಬ ಆ ಚೌಕಟ್ಟನ್ನು ಗರಗಸದಲ್ಲಿ ಕೊಯ್ದು, ಗಿಡ್ಡ ಮಾಡಿ, ಹಿತ್ತಾಳೆಯಿಂದ ಬೆಸೆಯುತ್ತಾರೆ. ಒಂದಕ್ಕೆ ಮೂರು ದಿನ. ಏಳು ವರ್ಷಗಳಲ್ಲಿ ಅರವತ್ಮೂರು ಸೈಕಲ್ಲು, ಲಕ್ಷ್ಮೇಶ್ವರದಿಂದಲೂ ಹುಡುಕಿಕೊಂಡು ಬರುತ್ತಾರೆ. ಇದರ ನಡುವೆ ದಿನಕ್ಕೆ ಇಪ್ಪತ್ತು ಪಂಕ್ಚರ್. ಬೆಸುಗೆಯ ಬೆಂಕಿ ನೋಡಿ ನೋಡಿ ಬಲಗಣ್ಣು ಮಂಜಾಗಿದೆ. ಹೆಂಗಸರು ಬಂದರೆ ಪಟ್ಟಿ ಹೆಂಡತಿ ಖೈರುನಬಿಯ ಕೈಗೆ. ಒಳಕೋಣೆಯಿಂದ ಗಂಟು ಬಿದ್ದ ಪಟ್ಟಿಯಷ್ಟೇ ಹೊರಬರುತ್ತದೆ.

ಎಂಟು ವರ್ಷದ ಹಿಂದೆ, ಎಪ್ಪತ್ತೆಂಟನೇ ಇಸವಿಯಲ್ಲಿ, ಈ ಅಳತೆಯ ಪದ್ಧತಿ ಇರಲಿಲ್ಲ. ಆಗ ಬಂದವರು ಡಂಬಳದ ನರ್ಸಬಾಯಿ ತಿಪ್ಪವ್ವ. ಸುತ್ತಲಿನ ಏಳು ಹಳ್ಳಿಗಳ ಬಸುರಿ ಬಾಣಂತಿಯರು ಅವರ ದಾರಿ ಕಾಯುತ್ತಿದ್ದರು. ಹೊಸ ಲೇಡೀಸ್ ಸೈಕಲ್ಲಿನ ಪೆಡಲು ಅವರ ಕಾಲಿಗೆ ಎಟುಕುತ್ತಿರಲಿಲ್ಲ. "ಇದನ್ನ ಕೊಯ್ದು ಸಣ್ಣದು ಮಾಡ್ರಿ ಅಣ್ಣಾರ," ಎಂದರು. ಥಳಥಳಿಸುವ ಹೊಸ ಸೈಕಲ್ಲಿಗೆ ಗರಗಸ ಹಚ್ಚಲು ಶೇಖಸಾಬರಿಗೆ ಮನಸ್ಸಾಗಲಿಲ್ಲ. ಪೆಡಲುಗಳಿಗೆ ಕಟ್ಟಿಗೆಯ ತುಂಡು ಬಿಗಿದು ಕಳಿಸಿಬಿಟ್ಟರು.

ತಿಂಗಳೊಳಗೆ ಮುಂಡರಗಿ ದಾರಿಯಲ್ಲಿ ಕುರಿಹಿಂಡು ಅಡ್ಡ ಬಂತು. ತಿಪ್ಪವ್ವ ಬ್ರೇಕ್ ಹಿಡಿದರು. ಸೈಕಲ್ಲೇನೋ ನಿಂತಿತು, ಊರಲು ಚಾಚಿದ ಕಾಲಿಗೆ ನೆಲ ಸಿಗಲಿಲ್ಲ. ಬಿದ್ದ ಏಟಿಗೆ ಮೊಣಕಾಲಿನ ಚಿಪ್ಪು ಒಡೆಯಿತು.

"ನಾ ಪೆಡಲ್ ತನಕ ಅಳದೆ, ನೆಲದ ತನಕ ಅಳೀಲಿಲ್ಲ," ಎನ್ನುತ್ತ ಶೇಖಸಾಬ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ. "ತುಳಿಯೋ ಚಿಂತಿ ಮಾಡಿದೆ, ನಿಲ್ಲೋ ಚಿಂತಿ ಮಾಡ್ಲಿಲ್ಲ. ಅಕ್ಕಾರು ಬಾಯಿಬಿಟ್ಟು ಹೇಳಿದ್ರು, ಕೊಯ್ರಿ ಅಂತ."

ಮರುವರ್ಷ ಗಿಡ್ಡ ಲೇಡೀಸ್ ಸೈಕಲ್ಲೊಂದನ್ನು ಕಟ್ಟಿ, ಕೆಂಪು ಬಣ್ಣ ಬಳಿದು, ಬಸ್ಸಿನ ಮೇಲೆ ಹೇರಿಕೊಂಡು ಡಂಬಳಕ್ಕೆ ಹೋದರು. ತಿಪ್ಪವ್ವ ಸೀಟಿನ ಮೇಲೆ ಕೂತರು. ಎರಡೂ ಪಾದ ನೆಲ ಮುಟ್ಟಿದವು. ಬ್ರೇಕ್ ಒಮ್ಮೆ ಹಿಡಿದು ನೋಡಿ ಇಳಿದರು. "ಛಲೋ ಆಗೇತಿ ಅಣ್ಣಾರ. ಆದ್ರ ಈ ಮೊಣಕಾಲು ಮಡಚಂಗಿಲ್ಲ. ಬ್ಯಾರೇದವರಿಗೆ ಕೊಡ್ರಿ." ಏಳು ಹಳ್ಳಿಗಳಲ್ಲಿ ಈಗ ಅವರು ಹೋಗುವುದು ಎರಡಕ್ಕೆ, ಅದೂ ಚಕ್ಕಡಿ ಸಿಕ್ಕ ದಿನ.

ಆ ಕೆಂಪು ಸೈಕಲ್ ಅಂಗಡಿಯಲ್ಲೇ ಇದೆ. ಕೇಳಿದವರಿಗೆ ಕೊಟ್ಟಿಲ್ಲ. "ಹಿಂಗ ದಿನಾ ಒರೆಸಿ ಇಟ್ರ ಅಕ್ಕಾರ ಕಾಲು ನೆಟ್ಟಗಾಕ್ಕೈತೇನು?" ಎಂದು ಖೈರುನಬಿ ಚುಚ್ಚುತ್ತಾರೆ. ಶೇಖಸಾಬರದು ಒಂದೇ ಆಸೆ: "ಅಕ್ಕಾರಂಗ ಏಳು ಹಳ್ಳಿ ತಿರಗೋ ನರ್ಸಬಾಯಿ ಒಬ್ಬಾಕಿ ಬರ್ಲಿ. ಪುಕಟ ಕೊಡ್ತೇನಿ."

ಅಲ್ಲಿಯವರೆಗೆ, ಬಂದ ಗಿಡ್ಡರೆಲ್ಲ ತಮ್ಮ ಸೈಕಲ್ಲಿಗೆ ಗರಗಸ ಹಚ್ಚುವ ಮೊದಲು ಅದರ ಮೇಲೆ ಕೂತು ನೋಡಲೇಬೇಕು.

"ಹೆಣ್ಮಕ್ಕಳ ಸೈಕಲ್ ಮ್ಯಾಲೆ ಕುಂಡ್ರಸ್ತೀರೇನ್ರಿ ನನ್ನ?" ಪುಂಡಲೀಕಪ್ಪ ಗೊಣಗುತ್ತಲೇ ಹತ್ತಿ, ಪೆಡಲಿಗೆ ಕಾಲು ಚಾಚುತ್ತಾರೆ.

ಶೇಖಸಾಬ ಹ್ಯಾಂಡಲ್ ಹಿಡಿದು ತಡೆಯುತ್ತಾರೆ. "ಪೆಡಲ್ ಆಮ್ಯಾಲ. ಮೊದಲ ಹೇಳ್ರಿ, ಎರಡೂ ಕಾಲು ನೆಲಕ್ಕ ಮುಟ್ಟ್ಯಾವೇನು?"