ಬುಕ್ಕಾಂಬುಧಿಯ ಜಗಲಿಯಲ್ಲಿ ಕೂತಿದ್ದವನು

ಇಂಥದ್ದನ್ನು ಬೇರೆಯವರು ಹೇಳಿದಾಗ ನಾನು ನಕ್ಕವಳೇ. ನೆನಪನ್ನು ಈಗಲೂ ನಂಬುವುದಿಲ್ಲ. ಅದು ಬೇಕಾದ ಕಡೆ ಬೇಕಾದ ಮುಖ ಅಂಟಿಸಿಬಿಡುತ್ತದೆ. ಆದರೆ ಈ ಒಂದು ಸಂಗತಿಗೆ ನನ್ನ ನೆನಪಲ್ಲದೆ ಬೇರೆ ಸಾಕ್ಷಿಯೂ ಇದೆ. ಇರದಿದ್ದರೆ ಚೆನ್ನಾಗಿತ್ತು.

ನಾನಾಗ ಪ್ರೊಬೇಷನ್ ಅಧಿಕಾರಿಯಾಗಲು ತರಬೇತಿ ಪಡೆಯುತ್ತಿದ್ದೆ. ತಪ್ಪು ಸಾಬೀತಾದವನನ್ನು ಜೈಲಿಗೆ ಕಳಿಸಬೇಕೋ, ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಬಿಡಬಹುದೋ ಎಂದು ಕೋರ್ಟು ಕೇಳಿದರೆ, ಊರಿಗೆ ಹೋಗಿ ವಿಚಾರಿಸಿ ಹೇಳುವುದು ನಮ್ಮ ಕೆಲಸ. ನನಗೆ ಕಲಿಸುತ್ತಿದ್ದ ಹಿರಿಯ ಅಧಿಕಾರಿಯದು ಒಂದು ಪದ್ಧತಿ: ಮೊದಲು ಮನೆ, ಆಮೇಲೆ ಮನುಷ್ಯ. "ಮುಖ ನೋಡಿದ್ರೆ ಕರುಣೆ ಬಂದ್ಬಿಡುತ್ತೆ ಕಣಮ್ಮ, ಮನೆಯೋರ ಮಾತು ಕಿವಿಗೇ ಬೀಳಲ್ಲ" ಎನ್ನುತ್ತಿದ್ದರು. ಹಾಗಾಗಿ ಫೋಟೋ ಕೂಡ ನೋಡದೆ ಅಜ್ಜಂಪುರದಲ್ಲಿ ಬಸ್ಸಿಳಿದು ಬುಕ್ಕಾಂಬುಧಿಗೆ ಹೋದೆ. ಬೋರ್‌ವೆಲ್ ನೀರಿನ ಸರದಿಗಾಗಿ ಅಣ್ಣನ ತಲೆಗೆ ಗುದ್ದಲಿ ಕಾವಿನಿಂದ ಹೊಡೆದವನ ಮನೆ ಅದು.

ನಡುಮಧ್ಯಾಹ್ನ. ತಾಯಿ ಮಜ್ಜಿಗೆ ತರಲು ಒಳಗೆ ಹೋದರು. ಜಗಲಿಯ ತುದಿಯಲ್ಲಿ ಒಬ್ಬ ಈರುಳ್ಳಿ ಹಸನು ಮಾಡುತ್ತ ಕೂತಿದ್ದ. ಎಡ ಹುಬ್ಬನ್ನು ಸೀಳಿದ್ದ ಹಳೆಯ ಗಾಯ. ನೆಂಟನಿರಬೇಕೆಂದುಕೊಂಡು ಕೇಳಿದೆ, ಜೈಲಲ್ಲಿರುವವನನ್ನು ಬಿಟ್ಟರೆ ಹೇಗೆ ಎಂದು.

"ಬಿಡಿಸ್ಬ್ಯಾಡಿ ಕಣಮ್ಮ. ಬಂದ್ರೆ ಈ ಸಲ ಅಣ್ಣ ಉಳಿಯಲ್ಲ."

ತಾಯಿ ಬರುವಷ್ಟರಲ್ಲಿ ಎದ್ದು ಹೋಗಿದ್ದ. ಆಮೇಲೆ ಬಂದ ಅಣ್ಣ ತಲೆಯ ಹೊಲಿಗೆ ಮುಟ್ಟಿಕೊಂಡು ನಕ್ಕ: "ಒಂದೇಟು ಹಾಕವ್ನೆ, ಏನೀಗ? ಬಿಡ್ಸ್ಕೊಡಿ ಮೇಡಂ, ಅವ್ನಿಲ್ದೆ ನೀರು ಕಟ್ಟೋರೇ ಇಲ್ಲ."

ಸಂಜೆ ಕಡೂರಿನ ಕಚೇರಿಗೆ ಮರಳಿ ಹಿರಿಯರಿಗೆ ಎಲ್ಲವನ್ನೂ ಹೇಳಿದೆ, ಸೀಳಿದ ಹುಬ್ಬನ್ನೂ ಸೇರಿಸಿ. ಆ ನೆಂಟ ಯಾರೆಂದು ತಿಳಿದುಕೋ ಎಂದರು.

ಕೆಲವು ದಿನಗಳ ನಂತರ ಹಿರಿಯರ ಜೊತೆ ತರೀಕೆರೆ ಕೋರ್ಟಿನ ಆವರಣದಲ್ಲಿ ನಿಂತಿದ್ದಾಗ ಪೊಲೀಸರು ಒಬ್ಬನನ್ನು ವ್ಯಾನಿನಿಂದ ಇಳಿಸಿದರು. "ಸರ್, ಆ ನೆಂಟ ಇವರೇ!" ಎಂದುಬಿಟ್ಟೆ.

ಪೇದೆ ನಕ್ಕ. "ಏನ್ ಮೇಡಂ, ಇವ್ನೇ ನಿಮ್ ಬುಕ್ಕಾಂಬುಧಿ ಗಿರಾಕಿ. ಹೊಡೆದಾಗಿಂದ ಒಳಗೇ ಅವ್ನೆ, ನೀವೆಲ್ಲಿ ನೋಡಿದ್ರಿ?"

ಹಿರಿಯರು ನಾನು ಮೊದಲೇ ಹೇಳಿದ್ದ ಆ ಸೀಳಿದ ಹುಬ್ಬನ್ನೇ ನೋಡುತ್ತಿದ್ದರು. ಅವನು ನನ್ನ ಗುರುತೇ ಇಲ್ಲದವನಂತೆ ಕೈಮುಗಿದ, ಅದೇ ದನಿಯಲ್ಲಿ: "ಅಣ್ಣನ್ ಹತ್ರ ಕಳಿಸ್ರಮ್ಮ, ಅವ್ನ ಕಾಲಿಗೆ ಬೀಳ್ತೀನಿ."

ತಾಯಿಗೆ ಫೋನ್ ಮಾಡಿದೆ. "ಯಾವ ನೆಂಟ? ನೀವೊಬ್ರೇ ಮಾತಾಡ್ತಿದ್ರಲ್ಲ. ಫೋನ್ನಾಗೆ ಅಂದ್ಕೊಂಡೆ."

"ಜೈಲಲ್ಲಿದ್ದೋನು ಮನೆ ಜಗಲಿ ಮೇಲೆ ಕೂತು ಹೇಳಿದ ಅಂತ ಕೋರ್ಟಿಗೆ ಹೇಳ್ತೀಯಾ?" ಎಂದರು ಹಿರಿಯರು, ಮೆಲ್ಲಗೆ. ಹೇಳಲಿಲ್ಲ. ಮನೆಗೆ ಬಿಡಬಹುದೆಂದೆವು. ಅಣ್ಣನೇ ಬಂದು ಬೈಕಿನಲ್ಲಿ ಕೂರಿಸಿಕೊಂಡು ಹೋದ.

ವರ್ಷಗಳಾದವು. ಅಣ್ಣತಮ್ಮಂದಿರು ಒಟ್ಟಿಗೇ ಇದ್ದಾರೆ, ಏನೂ ಆಗಿಲ್ಲ. ಹಾಗಾದರೆ ಬಿಡಬೇಡಿ ಎಂದು ಬೇಡಿಕೊಂಡವನು ಯಾರು? ಆ ಊರಿನಿಂದ ಫೋನ್ ಬಂದರೆ ನಾನು ಈಗಲೂ ತಕ್ಷಣ ಎತ್ತುವುದಿಲ್ಲ.